ಇಷ್ಟ ಲಗು ಯಾಕ್ರಿ, ಕೂಡ್ರಿ

ಮನೆಗೆ ಬಂದವರನ್ನು ಬರಮಾಡಿಕೊಳ್ಳುವುದು ಎಲ್ಲರಿಗೂ ಬರುತ್ತದೆ. ಎದ್ದು ಹೊರಟವರನ್ನು ಕಳಿಸಿಕೊಡುವ ವಿದ್ಯೆ ಮಾತ್ರ ನಮ್ಮ ಮನೆತನಕ್ಕೆ ಇವತ್ತಿಗೂ ಒಲಿದಿಲ್ಲ. ರಾಮದುರ್ಗದ ನಮ್ಮ ಮನೆಯಲ್ಲಿ ಬಂದವರು ಏಳುವುದೆಂದರೆ ಹೊರಡುವುದಲ್ಲ, ಹೊರಡುವ ವಿಚಾರವಿದೆ ಎಂದು ತಿಳಿಸುವುದು, ಅಷ್ಟೇ. ಎದ್ದ ಕೂಡಲೇ ಅಪ್ಪ "ಇಷ್ಟ ಲಗು ಯಾಕ್ರಿ, ಕೂಡ್ರಿ" ಎನ್ನುತ್ತಿದ್ದರು. ಮತ್ತೆ ಎದ್ದರೆ ಅವ್ವ ಒಳಗಿನಿಂದಲೇ ಚಹಾಕ್ಕೆ ಇಟ್ಟಿದ್ದೇನೆ ಎನ್ನುತ್ತಿದ್ದಳು. ಇಟ್ಟಿರುತ್ತಿರಲಿಲ್ಲ, ಹೇಳಿದ ಮೇಲೆ ಇಡುತ್ತಿದ್ದಳು. ಕರೆಂಟಿನ ಮೀಟರು ನೋಡಲು ಬಂದವನು ಕೂಡ ಒಂದು ತುತ್ತು ತಿನ್ನದೆ ನಮ್ಮ ಹೊಸ್ತಿಲು ದಾಟಿದ್ದು ಕಡಿಮೆ. ಪೌರೋಹಿತ್ಯದ ಮನೆಯಲ್ಲಿ ಹುಟ್ಟಿಯೂ ನಾನು ಮಂತ್ರ ಕಲಿಯಲಿಲ್ಲ, ಕಂಪ್ಯೂಟರ್ ಕಲಿತೆ. ಆದರೆ ಅಪ್ಪನ ಆ ಒಂದು ಮಾತನ್ನು ಯಾರೂ ಕಲಿಸದೆ ಕಲಿತುಬಿಟ್ಟೆ.

ಪೇಟೆಯಲ್ಲಿ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪನಿಯದೊಂದು ಸಣ್ಣ ಶಾಖೆ ಇದೆ. ಎಲ್ಲೋ ದೂರದ ಆಸ್ಪತ್ರೆಗಳಲ್ಲಿ ರೋಗಿಗಳು ಪಾಳಿಗಾಗಿ ಕಾಯಬಾರದೆಂದು ಸಾಫ್ಟ್‌ವೇರ್ ಬರೆಯುವ ತಂಡಕ್ಕೆ ನಾನು ಮುಖ್ಯಸ್ಥ. ಕೆಲಸದ ಜಾಗದಲ್ಲಿ ಆರೋಗ್ಯಕರ ವಾತಾವರಣ ಕಟ್ಟಬೇಕೆಂದು ಬೆಂಗಳೂರಿನ ಮುಖ್ಯ ಕಚೇರಿ ನನಗೆ ತರಬೇತಿಯನ್ನೂ ಕೊಟ್ಟಿದೆ. ಅದರ ಮೊದಲ ಪಾಠ, ಸಂಜೆ ಆರಕ್ಕೆ ಎಲ್ಲರನ್ನೂ ಮನೆಗೆ ಬಿಡುವುದು. ನಾನು ಅದನ್ನು ಒಪ್ಪಿದ್ದೆ, ಗೋಡೆಗೆ ಬರೆದು ಅಂಟಿಸಿಯೂ ಇದ್ದೆ. ಆದರೆ ಆರಕ್ಕೆ ಸರಿಯಾಗಿ ಹುಡುಗರು ಚೀಲ ಹೆಗಲಿಗೇರಿಸಿ "ಬರತೇವ್ರಿ ಸರ್" ಅಂದರೆ ನನ್ನ ಬಾಯಿ, ನನ್ನನ್ನು ಒಂದು ಮಾತೂ ಕೇಳದೆ, "ಇಷ್ಟ ಲಗು ಯಾಕ್ರಿ, ಕೂಡ್ರಿ" ಎಂದುಬಿಡುತ್ತಿತ್ತು. ಬೇರೆ ಕಡೆಯ ಹುಡುಗರಾಗಿದ್ದರೆ ನಕ್ಕು ಹೊರಟುಬಿಡುತ್ತಿದ್ದರೇನೋ. ಇವರು ನಮ್ಮ ಸೀಮೆಯವರು. ದೊಡ್ಡವರು ಕೂಡ್ರಿ ಅಂದ ಮೇಲೆ ನಿಂತಿರುವುದು ಹೇಗೆ? ಕೂಡುತ್ತಿದ್ದರು. ಕೂತವರಿಗೆ ಚಹಾ ತರಿಸದಿರುವುದು ಹೇಗೆ? ತರಿಸುತ್ತಿದ್ದೆ. ಅವರಿಗೂ ಮನೆಗೆ ಹೋಗಬೇಕು, ನನಗೂ ಹೋಗಬೇಕು. ಎಲ್ಲರೂ ಮರ್ಯಾದೆಯಿಂದ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿರುತ್ತಿದ್ದೆವು.

ಇದರಲ್ಲಿ ನಿಜಕ್ಕೂ ಪೆಟ್ಟು ಬಿದ್ದದ್ದು ಶೋಭಾಗೆ. ಸುರೇಬಾನದಿಂದ ದಿನಾ ಬಸ್ಸಿಗೆ ಬರುವ ರೈತರ ಮನೆಯ ಹುಡುಗಿ, ನಮ್ಮ ತಂಡದ ಜೀವಾಳ. ಅವಳು ಬರೆದದ್ದರಲ್ಲಿ ತಪ್ಪು ಹುಡುಕಲು ಹೋಗಿ ನಾನು ನನ್ನ ತಪ್ಪು ಕಂಡುಕೊಂಡದ್ದೇ ಹೆಚ್ಚು. ನನ್ನ ಚಹಾದ ದೆಸೆಯಿಂದ ಅವಳಿಗೆ ಮೇಲಿಂದ ಮೇಲೆ ಬಸ್ಸು ತಪ್ಪತೊಡಗಿತು. ಇನ್ನೊಮ್ಮೆ ತಪ್ಪಿದರೆ ನೌಕರಿ ಬಿಟ್ಟು ಮನೆಯಲ್ಲಿರು ಎಂದು ಅವಳಪ್ಪ ಹೇಳಿದ್ದಾರೆಂದು ಅಳುಮುಖದಿಂದ ಹೇಳಿದಳು. ಅವಳು ಹೋದರೆ ತಂಡದಲ್ಲಿ ಉಳಿಯುವುದು ನಾನು ಮತ್ತು ನನ್ನ ತರಬೇತಿ.

ಮರುದಿನ ಅವಳಪ್ಪನೇ ಮೋಟರ್ ಸೈಕಲ್ ಹತ್ತಿ ಜಗಳಕ್ಕೆಂದು ಬಂದರು. ಮೆಟ್ಟಿಲು ಹತ್ತುವಾಗಲೇ ದನಿ ಏರಿತ್ತು. ನಾನು ಕೂಡಿಸಿದೆ. ಬೈದರು, ಪೂರ್ತಿ ಕೇಳಿಸಿಕೊಂಡೆ, ಅವರು ಹೇಳಿದ್ದೆಲ್ಲ ಖರೆ ಎಂದು ಒಪ್ಪಿಕೊಂಡೆ. ಸಮಾಧಾನವಾಗಿ ಎದ್ದು, ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದರು. ಉಳಿದದ್ದನ್ನು ನಾನು ಹೇಳಬೇಕಾಗಿಲ್ಲ. ಪುಣ್ಯಾತ್ಮರು ಕೂತರು. ಚಹಾ ಆಯಿತು, ಮತ್ತೆ ಎದ್ದರು, ಚುರುಮುರಿ ಬಂತು. ಶೋಭಾ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಕತ್ತಲಾದ ಮೇಲೆ ಅವರು ಮಗಳಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು: "ಮನಶ್ಯಾ ಕೆಟ್ಟವ ಅಲ್ಲವ್ವಾ. ಆದ್ರ ಇವರ ಕೈಯಾಗಿಂದ ಪಾರಾಗೂದು ಭಾಳ ಕಠಿಣ ಐತಿ."

ಮಗಳಿಗೆ ಬಸ್ಸು ತಪ್ಪದಂತೆ ಮಾಡಲು ಅವರು ನನಗೆ ಒಂದು ವಾರದ ಗಡುವು ಕೊಟ್ಟರು. ನಾನು ಉಪಾಯಕ್ಕಿಳಿದೆ. ಆರು ಹೊಡೆಯುವ ಮೊದಲೇ ಬಾಯಿ ತುಂಬ ನೀರು ತುಂಬಿಕೊಂಡು ಕೂತೆ. ಹುಡುಗರು ಬಂದು "ಬರತೇವ್ರಿ ಸರ್" ಅಂದರು. ಬಾಯಿ ಗೆದ್ದೆ ಎಂದು ಹಿಗ್ಗುವಷ್ಟರಲ್ಲಿ ನನ್ನ ಬಲಗೈ ತಾನಾಗಿಯೇ ಎದ್ದು ಕುರ್ಚಿಗಳ ಕಡೆ ತೋರಿಸಿತು. ಎಲ್ಲರೂ ಕೂತರು. ಉಬ್ಬಿದ ಗಲ್ಲ ನೋಡಿ ಸಾಹೇಬರಿಗೆ ಹಲ್ಲುನೋವೆಂದು ಒಬ್ಬ ಲವಂಗ ತರಲು ಓಡಿದ. ಇಂಥ ಹೊತ್ತಿನಲ್ಲಿ ಬಿಟ್ಟುಹೋಗುವುದು ಮನುಷ್ಯತ್ವವಲ್ಲವೆಂದು ಉಳಿದವರು ಇನ್ನಷ್ಟು ಗಟ್ಟಿಯಾಗಿ ಕೂತರು. ಅವತ್ತೂ ಬಸ್ಸು ತಪ್ಪಿತು.

ಕೊನೆಗೆ ದಾರಿ ತೋರಿಸಿದವಳು ಶೋಭಾನೇ. ಕೂಡ್ರಿ ಎನ್ನುವವರೇ ಇಲ್ಲದಿದ್ದರೆ ಕೂಡುವ ಪ್ರಶ್ನೆಯೇ ಬರುವುದಿಲ್ಲ, ಆದ್ದರಿಂದ ನಾನು ಎಲ್ಲರಿಗಿಂತ ಅರ್ಧ ತಾಸು ಮುಂಚೆ ಹೋಗಬೇಕು ಎಂಬುದು ಅವಳ ಯೋಜನೆ. ಮೊದಲ ದಿನ ನಾನು ಎದ್ದೆ. ಹುಡುಗರು ಒಕ್ಕೊರಲಿನಿಂದ ಇಷ್ಟು ಬೇಗ ಯಾಕೆ, ಕೂಡ್ರಿ ಸರ್ ಎಂದರು. ಕೂತೆ. ಎರಡನೆಯ ದಿನ ಶೋಭಾ ನನ್ನ ಚಪ್ಪಲಿಗಳನ್ನು ಮೆಟ್ಟಿಲ ಕಡೆ ಮುಖ ಮಾಡಿ ಇಟ್ಟು, ನೆಲ ನೋಡುತ್ತ, "ಸರ್, ಹೋಗ್ರಿ" ಎಂದಳು. ನಮ್ಮ ಕಡೆ ದೊಡ್ಡವರಿಗೆ ಯಾರೂ ಹಾಗೆ ಬರೀ ಹೋಗ್ರಿ ಎನ್ನುವುದಿಲ್ಲ. ಆ ಹುಡುಗಿಗೆ ಈ ನೌಕರಿ ಎಷ್ಟು ಬೇಕಾಗಿದೆ ಎಂಬುದು ನನಗೆ ಅರಿವಾದದ್ದು ಆಗ. ಚಪ್ಪಲಿ ಮೆಟ್ಟಿ ಇಳಿದುಬಿಟ್ಟೆ.

ಅವತ್ತು ಅವಳಿಗೆ ಬಸ್ಸು ಸಿಕ್ಕಿತು. ಅವತ್ತಿನಿಂದ ದಿನಾ ಸಿಗುತ್ತಿದೆ. ನಾನಿಲ್ಲದ ಆ ಅರ್ಧ ತಾಸಿನಲ್ಲಿ ತಂಡದ ಕೆಲಸವೂ ಚುರುಕಾಗಿದೆಯಂತೆ, ನಗೆಯೂ ಹೆಚ್ಚಾಗಿದೆಯಂತೆ. ಮುಖ್ಯ ಕಚೇರಿಯವರು ಬೆರಗಾಗಿ, ಇಷ್ಟು ಒಳ್ಳೆಯ ವಾತಾವರಣ ಕಟ್ಟಲು ಏನು ಮಾಡಿದಿರಿ ಎಂದು ಫೋನು ಮಾಡಿದರು. ಹೊರಗೆ ಹೋದೆ ಎಂದೆ. ವಿನಯವೆಂದು ತಿಳಿದರು. ಅದೇ ಸಂತೋಷದಲ್ಲಿ ಬೈಲಹೊಂಗಲದ ತಂಡವನ್ನೂ ನನಗೇ ವಹಿಸಿದರು.

ಎರಡು ಊರು, ಎರಡು ತಂಡ, ನನ್ನಿಂದ ಸಾಧ್ಯವೇ ಎಂದು ಕಂಗಾಲಾಗಿ ಶೋಭಾಳನ್ನು ಕೇಳಿದೆ.

"ಚಿಂತಿ ಮಾಡಬ್ಯಾಡ್ರಿ ಸರ್," ಎಂದಳು. "ನೀವು ದಿನಾ ಅಲ್ಲಿಗೂ ಇಲ್ಲಿಗೂ ಬಸ್ಸಿನ್ಯಾಗ ಅಡ್ಡಾಡಕೋತ ಇದ್ರ, ಎರಡೂ ಟೀಮ್ ಆರಾಮ ಇರತಾವು."

ಇದನ್ನು ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ಬರೆಯುತ್ತಿದ್ದೇನೆ. ಎರಡೂ ಕಡೆ ಕೆಲಸ ಬಹಳ ಚೆನ್ನಾಗಿ ನಡೆದಿದೆಯಂತೆ. ಬರುವ ತಿಂಗಳು ಕಿತ್ತೂರಿನಲ್ಲೂ ಒಂದು ತಂಡ ಕೊಡುತ್ತಾರಂತೆ.