ಸಿದ್ದರಾಜು ಸೊಪ್ಪು ತಿಂದ ದಿನ

ಸಿಂಚನಳ ಶಾಲೆಯ ಮಿಸ್ ಡೈರಿಯಲ್ಲಿ ಬರೆದದ್ದು ಮೂರೇ ಸಾಲು. 'ಮಗು ಆಟದ ಪೀರಿಯಡ್‌ನಲ್ಲಿ ಸುಸ್ತಾಗಿ ಕೂತುಬಿಡುತ್ತಾಳೆ. ಡಬ್ಬಿಯ ತರಕಾರಿ ಮುಟ್ಟುವುದಿಲ್ಲ. ಕೇಳಿದರೆ, ನಮ್ಮಪ್ಪನೂ ತಿನ್ನಲ್ಲ ಅನ್ನುತ್ತಾಳೆ.'

ಉದಯಗಿರಿಯ ಸಿದ್ದರಾಜುವಿಗೆ ಕೊನೆಯ ಸಾಲು ಕೆನ್ನೆಗೆ ಬಾರಿಸಿದ ಹಾಗಾಯಿತು. ಸುಳ್ಳು ಎನ್ನುವ ಹಾಗೂ ಇರಲಿಲ್ಲ. ನಲವತ್ತು ವರ್ಷದಿಂದ ಉಪ್ಪಿಟ್ಟಿನ ಬೀನ್ಸನ್ನು ಅಕ್ಕಸಾಲಿಗ ಹರಳು ಹೆಕ್ಕುವ ಹಾಗೆ ಹೆಕ್ಕಿ, ತಟ್ಟೆಯ ಅಂಚಿಗೆ ಜೋಡಿಸುತ್ತ ಬಂದ ಮನುಷ್ಯ ಆತ.

"ಇವತ್ತಿಂದ ನಾನು ತಿಂತೀನಿ ಕಣೇ ಕುಸುಮ. ಅದೇನ್ ಹಾಕ್ತೀಯೋ ಹಾಕು!" ಎಂದು ಹೆಂಡತಿಯ ಮುಂದೆ ಶಪಥ ಮಾಡಿದ.

ಕುಸುಮ ರೊಟ್ಟಿಯ ಪಕ್ಕ ದಂಟಿನ ಸೊಪ್ಪಿನ ಪಲ್ಯವನ್ನು ಗುಡ್ಡೆ ಹಾಕಿದಳು. ಎರಡನೇ ಕ್ಲಾಸಿನ ಸಿಂಚನ ಎದುರಿಗೇ ಕೂತು ಅಪ್ಪನ ಬಾಯಿಯನ್ನೇ ನೋಡತೊಡಗಿದಳು. ಸಿದ್ದರಾಜು ಅಗಿದ. ನುಂಗಿದ. ಕಣ್ಣಲ್ಲಿ ನೀರು ಬಂತು.

"ಅಪ್ಪ, ಅಳ್ತಾ ತಿಂದ್ರೆ ಆಗಲ್ಲ. ಸಾಯಂಕಾಲ ನಗ್ತಾ ತಿನ್ನು, ಆಗ ನಾನೂ ತಿಂತೀನಿ."

"ಆಯ್ತು ಕಣವ್ವ, ನೋಡ್ತಾ ಇರು!"

ಸಿದ್ದರಾಜು ದೇವರಾಜ ಮೊಹಲ್ಲಾದ ಪಾತ್ರೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಹನ್ನೊಂದು ಗಂಟೆಗೆ ಜೊತೆಗಾರ ದಿಲೀಪ್ ಬಿಸಿ ಬೋಂಡಾದ ಪೊಟ್ಟಣ ಬಿಚ್ಚಿದ.

"ನಂಗ್ ಬ್ಯಾಡ ಕಣೋ."

ದಿಲೀಪನ ಕೈಯಲ್ಲಿದ್ದ ಬೋಂಡಾ ಬಾಯಿಗೆ ಹೋಗದೆ ಹಾಗೇ ನಿಂತಿತು. "ಇಷ್ಟು ವರ್ಷದಲ್ಲಿ ಒಂದಿನಾನೂ ಬ್ಯಾಡ ಅಂದೋರಲ್ಲ! ಏನಾಯ್ತಣ್ಣ?"

"ಏನಿಲ್ಲ ಬುಡೋ," ಎಂದ ಸಿದ್ದರಾಜು ಮನೆಯಿಂದ ತಂದಿದ್ದ ಮೂಲಂಗಿಯೊಂದನ್ನು ಹಿಡಿದುಕೊಂಡು ಕೊಳಗಗಳ ಹಿಂದೆ ಸರಿದ. ನಗುತ್ತ ತಿನ್ನುವುದನ್ನು ಸಾಯಂಕಾಲದೊಳಗೆ ರೂಢಿ ಮಾಡಿಕೊಳ್ಳಬೇಕಿತ್ತು. ಹೊಳೆಯುವ ಸ್ಟೀಲ್ ತಟ್ಟೆಯನ್ನೇ ಕನ್ನಡಿ ಮಾಡಿಕೊಂಡು ಮೂಲಂಗಿ ಕಚ್ಚಿದ, ಹಲ್ಲು ಕಿರಿದ, ಕಣ್ಣು ಒರೆಸಿಕೊಂಡ. ಮತ್ತೆ ಕಚ್ಚಿದ.

ಇಡ್ಲಿ ಪಾತ್ರೆ ಕೊಳ್ಳಲು ಬಂದ ಎದುರುಮನೆಯ ನಾಗಮಣಿಯಮ್ಮನ ಕಣ್ಣಿಗೆ ಸರಿಯಾಗಿ ಆಗಲೇ ಬಿದ್ದ. ಅವರು ದಿಲೀಪನನ್ನು ಪಕ್ಕಕ್ಕೆ ಕರೆದರು.

"ಏನಪ್ಪಾ ಆಗಿದೆ ಸಿದ್ದರಾಜುಗೆ?"

"ಗೊತ್ತಿಲ್ಲಮ್ಮ. ಬೋಂಡಾನೂ ಬ್ಯಾಡ ಅಂದ್ಬುಟ್ರು."

"ಅಯ್ಯೋ! ಹಾಗಾದ್ರೆ ಸಕ್ಕರೆ ಕಾಯಿಲೆನೇ. ನಮ್ಮ ಯಜಮಾನರಿಗೂ ಗೊತ್ತಾದ ದಿನ ಹೀಗೇ ಒಬ್ಬರೇ ಮೂಲೇಲಿ ಕೂತು ಅತ್ತಿದ್ರು," ಎಂದವರೇ ಇಡ್ಲಿ ಪಾತ್ರೆಯನ್ನೂ ಮರೆತು ಆಟೋ ಹತ್ತಿದರು.

ಸಾಯಂಕಾಲ ಮನೆಗೆ ಬಂದ ಸಿದ್ದರಾಜುವಿಗೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡಿತು. ಒಳಗೆ ಕುಸುಮ, "ಬೆಳಗ್ಗೆ ಸೊಪ್ಪು ತಿಂದಿದ್ದು ಇದಕ್ಕೇನಾ!" ಎಂದು ಮೂಗು ಒರೆಸಿಕೊಳ್ಳುತ್ತಿದ್ದಳು. ನಾಗಮಣಿಯಮ್ಮ ಹಾಗಲಕಾಯಿ ರಸದ ಲೋಟ ಹಿಡಿದು ಸಿದ್ಧವಾಗಿದ್ದರು. ಪಕ್ಕದ ಮನೆಯ ಚನ್ನಬಸವಯ್ಯನವರ ಕೈಯಲ್ಲಿ ನುಗ್ಗೆಸೊಪ್ಪಿನ ಕಷಾಯವಿತ್ತು.

"ನಂಗೇನೂ ಆಗಿಲ್ಲ ಕಣ್ರೀ! ಗುಂಡುಕಲ್ಲು ಇದ್ದಂಗೆ ಇವ್ನಿ!"

"ಮೊದಮೊದಲು ಎಲ್ರೂ ಹಂಗೇ ಅನ್ನೋದು. ಕುಡೀರಿ," ಎಂದರು ಚನ್ನಬಸವಯ್ಯ.

ಸಿದ್ದರಾಜು ಇನ್ನೂ ವಾದಿಸುತ್ತಿದ್ದನೇನೋ. ಅಷ್ಟರಲ್ಲಿ ಬಾಗಿಲ ಸಂದಿಯಲ್ಲಿ ಸಿಂಚನ ಕಂಡಳು. ನೆಟ್ಟ ಕಣ್ಣು ತೆಗೆಯದೆ ನೋಡುತ್ತಿದ್ದಳು. ಇಷ್ಟು ದೂರ ಬಂದು ಈಗ ಸೋಲುವುದುಂಟೆ? ಹಾಗಲಕಾಯಿ ರಸವನ್ನು ಒಂದೇ ಗುಟುಕಿಗೆ ಇಳಿಸಿ ನಕ್ಕ. ಕಷಾಯ ಕುಡಿದು ಇನ್ನೂ ಅಗಲವಾಗಿ ನಕ್ಕ. ಆ ನಗು ನೋಡಿ ನಾಗಮಣಿಯಮ್ಮ, "ಪಾಪ, ಎಂಥ ಧೈರ್ಯ ನೋಡಿ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಎಲ್ಲರೂ ಹೋದ ಮೇಲೆ ಊಟಕ್ಕೆ ಕೂತರು. ಸಿದ್ದರಾಜು ಪಾಲಕ್ ಪಲ್ಯದ ದೊಡ್ಡ ತುತ್ತು ಬಾಯಿಗಿಟ್ಟು ಹಲ್ಲೆಲ್ಲ ಕಾಣುವಂತೆ ನಗುತ್ತಲೇ ಅಗಿದ. ಗೆದ್ದೆನೆನ್ನಿಸಿತು.

"ನೋಡ್ದಾ ಕಂದ? ಈಗ ನಿನ್ ಸರದಿ. ತಿನ್ನು!"

ಸಿಂಚನ ಮರುಕದಿಂದ ಅಪ್ಪನ ತಲೆ ಸವರಿದಳು. ತನ್ನ ತಟ್ಟೆಯ ಪಲ್ಯವನ್ನಷ್ಟೂ ಬಳಿದು ಅವನ ತಟ್ಟೆಗೆ ಹಾಕಿದಳು.

"ನೀನೇ ತಿನ್ನಪ್ಪ, ಬೇಗ ವಾಸಿಯಾಗ್ತೀಯ. ಸೊಪ್ಪು ತರಕಾರಿ ಎಲ್ಲ ಕಾಯಿಲೆಯೋರಿಗೆ ಔಷಧಿಯಂತೆ, ನಾಗಮಣಿ ಅಜ್ಜಿ ಹೇಳಿದ್ರು. ನಂಗೇನು ಕಾಯಿಲೆ ಇಲ್ವಲ್ಲ!"

ಸಿದ್ದರಾಜು ಬಾಯಿ ತೆರೆಯುವಷ್ಟರಲ್ಲಿ ಅವನ ತಟ್ಟೆಯಲ್ಲಿದ್ದ ಒಂದೇ ಒಂದು ಹಪ್ಪಳವೂ ಅವಳ ಕೈ ಸೇರಿತು.

"ಕರಿದಿದ್ದು ನಿಂಗಾಗಲ್ಲ," ಎಂದು ಸಿಂಚನ ಅದನ್ನು ಕಟುಮ್ಮನೆ ಕಡಿದಳು.