ನಾನು ಗೆದ್ದ ಹಗ್ಗಜಗ್ಗಾಟ

ಮಕ್ಕಳನ್ನು ಖುಷಿಪಡಿಸಲು ದುಡ್ಡು ಬೇಕಿಲ್ಲ, ಒಂದು ಸೀಟಿ ಸಾಕು ಎಂಬುದು ನನ್ನ ಆಗಿನ ಸಿದ್ಧಾಂತವಾಗಿತ್ತು. ನಾನು ಕಾರವಾರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಇಡೀ ಶಾಲೆಯನ್ನು ಒಂದೇ ಸೀಟಿಗೆ ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದವನು. ಅಂಥವನಿಗೆ ಮೂರು ಮಕ್ಕಳ ದಸರಾ ರಜೆ ಯಾವ ಲೆಕ್ಕ?

ಮೂವರಲ್ಲಿ ಒಬ್ಬಳು ನನ್ನ ಮಗಳು ಮೇಘಾ. ಉಳಿದಿಬ್ಬರು ಅದಿತಿ ಮತ್ತು ಆದರ್ಶ, ಹೆಂಡತಿ ಸುಮನಾಳ ಅಣ್ಣನ ಮಕ್ಕಳು. ಅವರದು ಮಲ್ಲಾಪುರದ ಕ್ವಾರ್ಟರ್ಸು. ಹಬ್ಬ ಮುಗಿದಿತ್ತು, ರಜೆ ಉಳಿದಿತ್ತು. ಮಕ್ಕಳನ್ನು ಬಿಡಲು ಬಂದ ಭಾವ, "ಎಲ್ಲಾ ಸೇರಿ ಕಾರಲ್ಲೇ ಗೋವಾಕ್ಕೆ ಹೋಗ್ಬರುವಾ, ಖರ್ಚು ನಂದು" ಅಂದ. ಖರ್ಚು ಅವನದು ಎಂದದ್ದೇ ನನಗೆ ಚುಚ್ಚಿತು.

"ಗೋವಾದಲ್ಲಿ ಎಂತದಿದೆ ಭಾವಾ? ಮರಳು, ನೀರು. ಎರಡೂ ಇಲ್ಲಿವೆ, ಅದೂ ಪುಕ್ಕಟೆ. ನಾನು ಅಂಕೋಲೆಯಲ್ಲಿ ಹುಟ್ಟಿದವ. ನನಗೆ ಸಮುದ್ರ ತೋರ್ಸೂಕೆ ಬರೂದಿಲ್ವಾ?"

ಭಾವ ನಕ್ಕು ಹೊರಟುಹೋದ. ಮೇಘಾ ಮಾತ್ರ ಅಂದು ರಾತ್ರಿ ಊಟಕ್ಕೆ ಕೂತಾಗ ನನ್ನ ಕಡೆ ಬೆನ್ನು ಹಾಕಿದ್ದಳು.

ಮೊದಲ ದಿನ ಮಕ್ಕಳನ್ನು ಸಮುದ್ರದಂಡೆಯ ಮೇಲೆ ತಂದಿಟ್ಟಿರುವ ಯುದ್ಧನೌಕೆ ತೋರಿಸಲು ಕರೆದೊಯ್ದೆ. ಒಳಗೆ ಹೋಗಲು ಟಿಕೆಟ್ ಇತ್ತು. "ಒಳಗೆ ಹೋದ್ರೆ ಬರೀ ಕೋಣೆಗಳು ಕಾಣ್ತವೆ, ಹೊರಗಿಂದ ನೋಡಿದ್ರೆ ಮಾತ್ರ ಹಡಗು ಪೂರ್ತಿ ಕಾಣ್ತದೆ" ಎಂದು ಸುತ್ತಲೂ ಮೂರು ಸಲ ನಡೆಸಿದೆ.

"ಹಂಗಾದ್ರೆ ಮಧ್ಯಾಹ್ನ ಹೋಟೆಲನ್ನೂ ಹೊರಗಿಂದ್ಲೇ ತೋರ್ಸಿ ಮನೆಗೆ ಕರ್ಕೊಂಡ್ಹೋಗಿ" ಅಂದಳು ಜೊತೆಗೆ ಬಂದಿದ್ದ ಸುಮನಾ.

ಎರಡನೇ ದಿನ ಕೋಡಿಬಾಗದ ನಮ್ಮ ಮನೆಯಿಂದ ಕಾಳಿ ಸೇತುವೆಗೆ ನಡಿಗೆ. ನದಿ ಸಮುದ್ರ ಸೇರುವುದನ್ನು ಮೇಲಿನಿಂದ ನೋಡುವುದು ಕಾರ್ಯಕ್ರಮ. ಆ ಸೇತುವೆ ದಾಟುವ ವಾಹನಗಳೆಲ್ಲ ಗೋವಾದ ಕಡೆಗೇ ಹೋಗುತ್ತವೆ ಎಂಬುದು ಅಲ್ಲಿ ಹೋಗಿ ನಿಂತ ಮೇಲೆ ನೆನಪಾಯಿತು. ಬಸ್ಸಿನ ಕಿಟಕಿಗಳಿಂದ ಯಾರ್ಯಾರದೋ ಮಕ್ಕಳು ನಮ್ಮ ಮಕ್ಕಳಿಗೆ ಟಾಟಾ ಮಾಡಿದವು. ನಮ್ಮವರು ತಿರುಗಿ ಕೈ ಎತ್ತಲಿಲ್ಲ. ಹಿಂದಿರುಗುವಾಗ ಆದರ್ಶ ಬಹಳ ವಿನಯದಿಂದ, "ಮಾವಾ, ನಾಳೆ ಅಪ್ಪಂಗೆ ಫೋನ್ ಮಾಡ್ಲಾ?" ಎಂದು ಕೇಳಿದ.

ಹಾಗಾಗಿ ಮೂರನೆಯ ದಿನ ನಾನು ಗೆಲ್ಲಲೇಬೇಕಿತ್ತು. ಬೆಳಗಾಗುವುದರೊಳಗೆ ಎಲ್ಲರನ್ನೂ ಎಬ್ಬಿಸಿ, ಬಿಳಿ ಟೋಪಿ ಹಾಕಿ, ಕೊರಳಿಗೆ ಸೀಟಿ ಕಟ್ಟಿಕೊಂಡು ಕಡಲ ದಂಡೆಗೆ ಹೊರಟೆ. ದೇವರೇ ತೋರಿಸಿದಂತೆ ಅಲ್ಲಿ ಏಂಡಿ ಬಲೆ ಬಿಟ್ಟಿದ್ದರು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ನೀರಿಗಿಳಿಸಿ ಎರಡು ತುದಿಯ ಹಗ್ಗಗಳನ್ನು ದಂಡೆಗೆ ತರುತ್ತಾರೆ. ಒಂದೊಂದು ಹಗ್ಗಕ್ಕೆ ಒಂದೊಂದು ಗುಂಪು. ಎರಡೂ ಗುಂಪುಗಳು ಎಳೆಯುತ್ತ ಎಳೆಯುತ್ತ ಹತ್ತಿರ ಬರುತ್ತವೆ. ನಾನು ಹುಟ್ಟಿದಾಗಿನಿಂದ ದೂರದಿಂದ ನೋಡಿದ ಕೆಲಸವಿದು. ನಮ್ಮದು ಮೀನು ತಿನ್ನದ ಮನೆಯಾದ್ದರಿಂದ ಹತ್ತಿರ ಹೋಗುವ ಪ್ರಸಂಗ ಬಂದಿರಲಿಲ್ಲ.

ಹಗ್ಗ ಹಿಡಿದವರಲ್ಲಿ ದೇವಕಿಬಾಯಿ ಇದ್ದಳು. ನಮ್ಮ ಬೀದಿಯಲ್ಲಿ ಬುಟ್ಟಿ ಹೊತ್ತು ಮೀನು ಮಾರುವವಳು, ನಮ್ಮ ಗೇಟಿನ ಮುಂದೆ ಮಾತ್ರ ಕೂಗದೆ ಹೋಗುವವಳು.

"ಮಾಸ್ತರ್ರೆ, ಮಕ್ಳನ್ನ ತಿರ್ಗಾಡ್ಸುಕೆ ಬಂದ್ರಿ? ಹಗ್ಗ ಹಿಡೀರಿ ನೋಡ್ವಾ. ಇವತ್ತು ನಂಗೆ ಮೀನು ಬೇಕೇ ಬೇಕು. ನನ್ನ ಮಗಳು ಸುಜಾತನ್ನ ನೋಡುಕೆ ಮಧ್ಯಾಹ್ನ ಬೆಳಂಬಾರದವ್ರು ಬತ್ರು."

"ಪೇಟೇಲಿ ಸಿಗೂದಿಲ್ವಾ ಮೀನು?" ಸುಮನಾ ಕೇಳಿದಳು.

"ಅವ್ರೂ ಬಲೆಯವ್ರೇ ಅಕ್ಕಾ. ಐಸಿನ ಮೀನಾದ್ರೆ ಮೂಗಿಗೆ ಹಿಡ್ದೇ ಹೇಳ್ತ್ರು. ಸ್ವಂತ ಬಲೆ ಇಟ್ಕಂಡು ಬೀಗರಿಗೆ ಪ್ಯಾಟಿ ಮೀನು ಬಡ್ಸುದಾ? ಹಬ್ಬದಾಗೆ ಒಂಬತ್ತು ದಿನ ಎಲ್ಲಾರೂ ಮೀನು ಬಿಟ್ಟಿದ್ರು ಬೇರೆ. ಎಲ್ಲರ ಮನೆ ಒಲೇನೂ ಈ ಬಲೇನೇ ಕಾಯ್ತದೆ."

ಇದನ್ನೆಲ್ಲ ನಾನು ಕೇಳಿಸಿಕೊಂಡೆ. ಆದರೆ ನನ್ನ ಕಣ್ಣು ಹಗ್ಗದ ಮೇಲಿತ್ತು. ಹಗ್ಗಜಗ್ಗಾಟದಲ್ಲಿ ನಮ್ಮ ಶಾಲೆಯ ತಂಡವನ್ನು ತಾಲೂಕಿಗೇ ಮೊದಲು ತಂದವನು ನಾನು. ಎರಡು ಹಗ್ಗ, ಎರಡು ಗುಂಪು, ಮೂರು ಮಕ್ಕಳು. ಗೋವಾದಲ್ಲಿ ಎಷ್ಟು ದುಡ್ಡು ಕೊಟ್ಟರೂ ಇಂಥ ಆಟ ಸಿಗದು.

ಕೂಡಲೇ ತಂಡ ಮಾಡಿದೆ. ನಾನು ಮತ್ತು ಮೇಘಾ ದೇವಕಿಬಾಯಿಯ ಹಗ್ಗಕ್ಕೆ. ಅದಿತಿ, ಆದರ್ಶ ಆಚೆಯ ಹಗ್ಗಕ್ಕೆ. ಸುಮನಾ ಸುಮ್ಮನೆ ಕೂರುತ್ತೇನೆ ಎಂದಿದ್ದವಳು, "ತೌರುಮನೆಯವ್ರು ಇವತ್ತು ಸೋತ್ರು ಬಿಡು" ಎಂದು ನಾನು ಅಂದ ಕೂಡಲೇ ಸೆರಗು ಸಿಕ್ಕಿಸಿ ಅಣ್ಣನ ಮಕ್ಕಳ ಜೊತೆ ಹೋಗಿ ನಿಂತಳು.

ಸೀಟಿ ಊದಿದೆ. "ಹಿಮ್ಮಡಿ ಊರು! ಹಿಂದೆ ವಾಲು! ಒಂದು, ಎರಡು, ಎಳೆ!"

ನಮ್ಮ ಹಗ್ಗದಲ್ಲಿದ್ದ ನಾಲ್ಕೈದು ಪಡ್ಡೆ ಹುಡುಗರಿಗೆ ಇದು ಭಾರೀ ಖುಷಿಯಾಯಿತು. ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳೇ. ಸೀಟಿ ಕೇಳಿದೊಡನೆ ಅವರ ಕಾಲುಗಳು ತಾವಾಗಿಯೇ ಮರಳಿನಲ್ಲಿ ಊರಿಕೊಂಡವು. ಹಗ್ಗ ಸರಸರ ಬರತೊಡಗಿತು. ಆಚೆಯವರು ಹಿಂದೆ ಬಿದ್ದರು. ನಾನು ಇನ್ನೂ ಜೋರಾಗಿ ಊದಿದೆ.

ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಲೆಯ ಕೆಲಸ ನೋಡಿಕೊಳ್ಳುವವನು ತಾಂಡೇಲ. ಹೆಸರು ವಿಠೋಬ, ದೇವಕಿಬಾಯಿಯ ಅಣ್ಣ. ಅವನು ನನ್ನ ಕಡೆ ಎರಡೂ ಕೈ ಎತ್ತಿ ಬೀಸಿದ. ಶಹಬ್ಬಾಸ್ ಹೇಳುತ್ತಿದ್ದಾನೆ ಎಂದು ನಾನೂ ಒಂದು ಕೈ ಎತ್ತಿ ಬೀಸಿದೆ. ಅವನು ಏನೋ ಕೂಗಿದ. ನನ್ನ ಸೀಟಿಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ದೇವಕಿಬಾಯಿ ಬೆನ್ನ ಹಿಂದಿನಿಂದ, "ಸಾವಕಾಶ ಮಾಸ್ತರ್ರೆ, ಆಚಿಗೂ ಬರ್ಲಿ, ಜೋಡಿ ಬರ್ಬೇಕು" ಅನ್ನುತ್ತಲೇ ಇದ್ದಳು. ಹಗ್ಗಜಗ್ಗಾಟದಲ್ಲಿ ಎದುರಾಳಿಗೆ ಕಾಯುವ ಪದ್ಧತಿ ಎಲ್ಲಿದೆ? ಹೆಂಗಸು, ಪಾಪ, ದಣಿದಿದ್ದಾಳೆ ಅಂದುಕೊಂಡೆ.

ನಮ್ಮ ಕಡೆಯ ಬಲೆ ಮೊದಲು ಮರಳಿಗೆ ಬಂತು. ನಾನು ಹಗ್ಗ ಬಿಟ್ಟು ಎರಡೂ ಕೈ ಮೇಲೆತ್ತಿ ಕುಣಿದೆ. "ಗೆದ್ವಿ! ಮೇಘಾ, ನಾವು ಗೆದ್ವಿ!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ನೀರಿನ ಕಡೆ ನೋಡುತ್ತಿದ್ದರು. ನಾನೂ ನೋಡಿದೆ. ಒಂದು ತುದಿ ದಂಡೆಗೆ ಬಂದು ಇನ್ನೊಂದು ನೀರಿನಲ್ಲೇ ಉಳಿದು ಬಲೆ ಓರೆಯಾಗಿತ್ತು. ಆ ಸಂದಿಯಿಂದ ಬಂಗಡೆ ಮೀನುಗಳು ಬೆಳ್ಳಗೆ ಹೊಳೆಯುತ್ತ, ಶಾಲೆ ಬಿಟ್ಟ ಮಕ್ಕಳ ಹಾಗೆ ಹೊರಟುಹೋಗುತ್ತಿದ್ದವು. ಹದ್ದುಗಳಿಗೂ ಕಾಗೆಗಳಿಗೂ ಒಳ್ಳೆಯ ಬೆಳಗಾಯಿತು.

"ಹೋಯ್ತು" ಅಂದ ವಿಠೋಬ. ಅಷ್ಟೇ ಅಂದ.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಗುಳಕ್ಕೆ ಪಿ.ಟಿ. ಮಾಸ್ತರನ ಬಳಿ ಉತ್ತರ ಇರುತ್ತದೆ. ಅವರು ಬಲೆಯನ್ನು ಸುಮ್ಮನೆ ಎಳೆದು ಮುಗಿಸಿದರು. ದೇವಕಿಬಾಯಿ ಮರಳಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಬಲೆಯ ಹೊಟ್ಟೆಯಲ್ಲಿ ಉಳಿದದ್ದನ್ನು ನೋಡಿದಳು. ಒಂದಿಷ್ಟು ಸಣ್ಣ ತಾರ್ಲೆ ಮೀನು, ಬೆರಳೆಣಿಕೆಯ ಬಂಗಡೆ, ಉಳಿದದ್ದು ಲೋಳೆ ಮೀನು ಮತ್ತು ಕಸ. "ಬೆಳಂಬಾರದವ್ರಿಗೆ ಎಂತಾ ಹಾಕುದು ಅಣ್ಣಾ?" ಎಂದು ಕೇಳಿದಳು. ವಿಠೋಬ ಬಲೆಯ ಕಸ ಬಿಡಿಸುತ್ತಾ ಇದ್ದುಬಿಟ್ಟ. ನನಗೆ ಮರಳಿನಲ್ಲಿ ತಲೆ ಹುಗಿಯುವಷ್ಟು ನಾಚಿಕೆಯಾಯಿತು.

ಆಮೇಲೆ ಪಾಲು ಹಾಕತೊಡಗಿದರು. ಹಗ್ಗ ಎಳೆದವರಿಗೆಲ್ಲ ಮರಳ ಮೇಲೆ ಒಂದೊಂದು ಸಣ್ಣ ಗುಪ್ಪೆ. ನೋಡುತ್ತಿದ್ದ ಹಾಗೆ ನಮ್ಮ ಮುಂದೆಯೂ ಗುಪ್ಪೆಗಳು ಬಿದ್ದವು. ನನಗೆ, ಸುಮನಾಗೆ, ಮಕ್ಕಳಿಗೆ, ಒಟ್ಟು ಐದು! ಮೀನು ಕಡಿಮೆ ಮಾಡಿದವನೂ ನಾನೇ, ಪಾಲುದಾರರನ್ನು ಹೆಚ್ಚು ಮಾಡಿದವನೂ ನಾನೇ.

"ಬೇಡ, ಬೇಡ. ನಾವು ಮೀನು ಮುಟ್ಟೂದಿಲ್ಲ" ಎಂದು ಹಿಂದೆ ಸರಿದೆ.

ವಿಠೋಬನ ಮುಖ ಮೊದಲ ಸಲ ಕಪ್ಪಾಯಿತು. "ಮುಟ್ಟುದಿಲ್ಲಾ? ಹಗ್ಗ ಮುಟ್ಟಿದ್ರಿ ಅಲ್ಲಾ? ಹಗ್ಗ ಮುಟ್ಟಿದವ್ರಿಗೆ ಪಾಲು. ಬೇಡ ಅಂದ್ಕಂಡು ಹೋದ್ರೆ ಬಲೆಗೆ ಅವಮಾನ."

ಸುಮನಾ ನನ್ನ ತಲೆಯಿಂದ ಟೋಪಿ ತೆಗೆದು ಮುಂದೆ ಹಿಡಿದಳು. ತಾಲೂಕು ಕ್ರೀಡಾಕೂಟದಲ್ಲಿ ಬಹುಮಾನವಾಗಿ ಬಂದ ಟೋಪಿ ಅದು. ಐದು ಪಾಲೂ ಅದರಲ್ಲಿ ಹಿಡಿಸಿದವು. ನನ್ನ ಜನ್ಮದಲ್ಲಿ ಮೊದಲ ಸಲ ಮೀನು ಹಿಡಿದು ನಿಂತೆ. ನೀರು ತೊಟ್ಟಿಕ್ಕಿ ಬೂಟಿನೊಳಗೆ ಇಳಿಯುತ್ತಿತ್ತು.

ಸ್ವಲ್ಪ ದೂರದಲ್ಲಿ ದೇವಕಿಬಾಯಿಯನ್ನು ತಡೆದು ಟೋಪಿ ಮುಂದೆ ಮಾಡಿದೆ. "ಬಾಯಿ, ಇದು ನೀವೇ ಇಟ್ಕೊಳ್ಳಿ. ನೆಂಟರಿಗೆ ಆಗ್ತದೆ."

"ಕೊಟ್ಟ ಪಾಲು ತಿರ್ಗಿ ತಕಂಬುಕೆ ಆಗುಲಾ ಮಾಸ್ತರ್ರೆ."

"ಹಾಗಾದ್ರೆ ಪೇಟೆಯಿಂದ ದೊಡ್ಡ ಮೀನು ತಂದ್ಕೊಡ್ಲಾ?"

ಅವಳು ನನ್ನನ್ನು ನೋಡಿದ ರೀತಿಗೆ ಸುಮನಾಳೇ, "ಸಾಕು, ಬಾಯಿ ಮುಚ್ಚಿ" ಎಂದು ನನ್ನ ತೋಳು ಜಗ್ಗಿದಳು. ಐಸಿನ ಮೀನಿನ ವಿಷಯ ದೇವಕಿಬಾಯಿ ಒಂದು ಗಂಟೆಯ ಹಿಂದಷ್ಟೇ ಹೇಳಿದ್ದಳು.

ಆಗ ಮೇಘಾ ನನ್ನ ಕೈಯಿಂದ ಟೋಪಿ ಕಸಿದುಕೊಂಡಳು. ಮೂರು ದಿನದಿಂದ ನೆಟ್ಟಗೆ ಮಾತಾಡದವಳು ಅವಳು. "ಬಾಯಿ, ನಮ್ಮನೇಲಿ ಯಾರಿಗೂ ಮೀನು ಮಾಡೂಕೆ ಬರೂದಿಲ್ಲ. ನಮ್ಮ ಪಾಲು ನೀವು ಮಾಡ್ಕೊಡ್ತ್ರಾ?"

ದೇವಕಿಬಾಯಿ ಅವಳನ್ನು ಒಂದು ಕ್ಷಣ ನೋಡಿದಳು. ತುಟಿಯಲ್ಲಿ ಸಣ್ಣ ನಗು ಬಂತು. "ಮಾಡ್ತೆ ತಂಗಿ. ಆದ್ರೆ ಪಾಲಿನವ್ರು ಬಂದು ಪಂಕ್ತಿಗೆ ಕೂರ್ಬೇಕು. ಎಲ್ಲಾರೂ. ಅಪ್ಪನೂ."

ಹೀಗೆ, ಯಾರ ಮನೆಯ ಊಟ ಹಾಳು ಮಾಡಿದ್ದೆನೋ ಅದೇ ಮನೆಗೆ ನಾನು ಅಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಊಟಕ್ಕೆ ಹೋದೆ. ನಮ್ಮ ಪಾಲೂ ಅವರ ಪಾಲೂ ಸೇರಿ ಒಂದು ಪಾತ್ರೆ ಸಾರಾಗಿತ್ತು. ಮೀನಿನ ಹೋಳು ನೆಂಟರ ತಟ್ಟೆಗೆ ಮಾತ್ರ ಸಾಲುವಷ್ಟು. ಮನೆಯವರು ಬರೀ ಸಾರು ಸುರಿದುಕೊಂಡದ್ದನ್ನು ನಾನು ನೋಡಿದೆ. ನನ್ನ ತಟ್ಟೆಯಲ್ಲಿ ಅನ್ನ, ಕೋಕಂ ಹುಳಿಯ ಸೋಲಕಢಿ, ಉಪ್ಪಿನಕಾಯಿ ಇತ್ತು. ಅದನ್ನೇ ಕಲಸುತ್ತ ಕೂತೆ.

ಬೆಳಂಬಾರದ ಹುಡುಗನ ಅಪ್ಪ ಪಕ್ಕದಲ್ಲೇ ಕೂತಿದ್ದ. "ಮಾಸ್ತರ್ರು ಮೀನು ತಿಂಬುದಿಲ್ಲಾ?" ಎಂದು ಕೇಳಿದ.

"ಇಲ್ಲ" ಎಂದು ದೇವಕಿಬಾಯಿ ಬಡಿಸುತ್ತಲೇ ಉತ್ತರ ಕೊಟ್ಟಳು. "ಅವ್ರು ಬಲೆಗೆ ಬಿದ್ದದ್ದನ್ನ ತಿರ್ಗಿ ಸಮುದ್ರಕ್ಕೆ ಕಳ್ಸ್ತ್ರು."

ಆಮೇಲೆ ಕಥೆ ಪೂರ್ತಿ ಹೊರಗೆ ಬಂತು. ವಿಠೋಬ ಎದ್ದು ನಿಂತು ನನ್ನ ಹಾಗೆ ಕೈ ಎತ್ತಿ ಕುಣಿದು ತೋರಿಸಿದ. ಆದರ್ಶ ಬಾಯಲ್ಲೇ ಸೀಟಿ ಊದಿ ಹಿನ್ನೆಲೆ ಒದಗಿಸಿದ. ಬೆಳಂಬಾರದವರು ನಕ್ಕು ನಕ್ಕು ಅನ್ನ ನೆತ್ತಿಗೇರಿಸಿಕೊಂಡರು. ಒಳಗೆ ಬಾಗಿಲ ಮರೆಯಲ್ಲಿ ಸುಜಾತಾ ನಕ್ಕದ್ದು ಹೊರಗಿನವರಿಗೂ ಕೇಳಿಸಿತು. ನಾನೂ ನಗಲು ನೋಡಿದೆ. ಬರಲಿಲ್ಲ. ಆ ದಂಡೆಯ ಉಳಿದ ಮನೆಗಳಲ್ಲಿ ಅಂದು ಎಂಥ ಊಟ ಆಗಿರಬಹುದು ಎಂಬುದೇ ತಲೆಯಲ್ಲಿತ್ತು.

ಕೈ ತೊಳೆದು ಬಂದ ಮೇಲೆ ಹುಡುಗನ ಅಪ್ಪ, "ಇಷ್ಟೆಲ್ಲಾ ಮಾಡಿದವ್ರಿಗೂ ಪಾಲು ಕೊಟ್ರಿ ಅಲ್ಲಾ. ನಮ್ಗೆ ಈ ಮನೆ ಅಡ್ಡಿಲ್ಲ" ಅಂದ. ಸಂಬಂಧ ಗಟ್ಟಿಯಾಯಿತು. ದಾರಿಯಲ್ಲಿ ಬರುವಾಗ ನನಗೆ ಸ್ವಲ್ಪ ಜೀವ ಬಂದು, "ನೋಡಿದ್ಯಾ, ಒಂದು ರೀತಿಯಲ್ಲಿ ನನ್ನಿಂದ್ಲೇ..." ಎಂದು ಬಾಯಿ ತೆರೆದೆ.

"ನಿಮ್ಮಿಂದ ಆದದ್ದಲ್ಲ" ಅಂದಳು ಸುಮನಾ. "ನೀವಿದ್ದೂ ಆದದ್ದು."

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ದೇವಕಿಬಾಯಿಯ ಕೂಗು ಕೇಳಿತು. ನಮ್ಮ ಗೇಟಿನ ಮುಂದೆ ಅವಳು ಕೂಗಿದ್ದು ಅದೇ ಮೊದಲು. "ಬಲೆ ಬಿಟ್ಟಾರೆ, ಮಕ್ಳನ್ನ ಕಳ್ಸಿ ಅಂದ ಅಣ್ಣ. ಅಕ್ಕನೂ ಬರ್ಲಿ. ಮಾಸ್ತರ್ರು ಬಂದ್ರೂ ಅಡ್ಡಿಲ್ಲ, ಸೀಟಿ ಮನೇಲಿ ಇರ್ಲಿ."

ತೊಳೆದ ಟೋಪಿ ಹಾಕಿಕೊಂಡು ಹೋದೆ. ಹಗ್ಗದ ಹತ್ತಿರ ಕಾಲಿಟ್ಟೆನೋ ಇಲ್ಲವೋ, ಎರಡೂ ಕಡೆಯವರು ಒಟ್ಟಿಗೆ, "ಮಾಸ್ತರ್ರೆ, ನೀವು ಕೂತ್ಕಣಿ" ಅಂದರು. ನನ್ನ ಹಳೆಯ ವಿದ್ಯಾರ್ಥಿಗಳ ದನಿ ಎಲ್ಲರಿಗಿಂತ ಜೋರಾಗಿತ್ತು. ಮಕ್ಕಳು ಚಪ್ಪಲಿಗಳನ್ನು ನನ್ನ ಮುಂದೆ ಬಿಟ್ಟು ಓಡಿದವು. ಮೇಘಾ ಒಂದು ಹಗ್ಗದಲ್ಲಿ, ಅದಿತಿ, ಆದರ್ಶ ಇನ್ನೊಂದರಲ್ಲಿ, ನಡುವೆ ವಿಠೋಬನ "ಸಾವಕಾಶ, ಸಾವಕಾಶ". ಮಕ್ಕಳು ಗೋವಾದ ಹೆಸರೆತ್ತದೆ ಎರಡು ತಾಸು ಎಳೆದರು. ನಾನು ಚಪ್ಪಲಿ ಕಾದೆ.

ಅಂದು ಬಲೆ ತುಂಬಿ ಬಂತು. ಜನ ಕೂಗಾಡಿದರು, ಬುಟ್ಟಿಗಳು ಸಾಲದೆ ಸೆರಗು ಒಡ್ಡಿದರು. ಆ ಗದ್ದಲದಲ್ಲಿ ನಾನು ತಲೆ ತಗ್ಗಿಸಿ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಹೊಂದಿಸುತ್ತಿದ್ದೆ. ವಿಠೋಬ ಪಾಲು ಹಾಕುತ್ತ ಹಾಕುತ್ತ ನನ್ನವರೆಗೂ ಬಂದು ನಿಂತ. ನಾನು ಅವಸರದಿಂದ, "ನಾನು ಹಗ್ಗ ಮುಟ್ಟಲಿಲ್ಲ ವಿಠೋಬ" ಅಂದೆ.

"ಅದ್ಕೇ ಕೊಡುದು" ಅಂದ.

ತಲೆಯಿಂದ ತೆಗೆದು ಒಡ್ಡಿದ ನನ್ನ ಟೋಪಿಯಲ್ಲಿ ಒಂದು ತಾರ್ಲೆ ಬಿತ್ತು. ಒಂದೇ ಒಂದು, ಕಿರುಬೆರಳಿನಷ್ಟು. ಬಲೆಗೆ ಅವಮಾನವಾಗದ ಹಾಗೆ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಚಪ್ಪಲಿ ಹಾಕಿಕೊಳ್ಳಲು ಮಕ್ಕಳು ಬಂದರೆ ದಾರಿಯಾಗಲಿ ಎಂದು ಸ್ವಲ್ಪ ಸರಿದು ಕೂತೆ.