ಭಾಗವಾಗದ ರಿಮೋಟು

ಇಲ್ಲಿನ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಹನಗೋಡಿನ ನಮ್ಮ ಮನೆಯಲ್ಲಿ ಮೊದಲು ಅಡ್ಡಗೋಡೆ ಬಂತೋ, ಮೊದಲು ಟಿ.ವಿ. ಬಂತೋ ಎಂದು ಕೇಳಿದರೆ ನಾನೊಂದು ಹೇಳುತ್ತೇನೆ, ಅತ್ತೆ ಇನ್ನೊಂದು ಹೇಳುತ್ತಾರೆ. ಮಾವನಿಗೆ ಆ ವರ್ಷ ಹೊಗೆಸೊಪ್ಪಿಗೆ ಎಂಥ ಬಣ್ಣ ಬಂದಿತ್ತು ಎಂಬುದಷ್ಟೇ ನೆನಪು. ಇತಿಹಾಸದಲ್ಲಿ ಎಂ.ಎ. ಮಾಡಿ ಈ ಮನೆಗೆ ಸೊಸೆಯಾಗಿ ಬಂದವಳು ನಾನು. ಯಾವ ರಾಜನ ಗಡಿ ಎಲ್ಲಿಯವರೆಗಿತ್ತು ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೇನೆ. ನಮ್ಮ ಮನೆಯ ರಿಮೋಟು ಯಾರ ಪಾಲಿನದು ಎಂದು ಮಾತ್ರ ಇವತ್ತಿಗೂ ಹೇಳಲಾರೆ.

ಮಾವ ಮತ್ತು ಅವರ ತಮ್ಮ ಭಾಗವಾದಾಗ ಹೊಲ, ದನ, ಹಂಡೆ ಎಲ್ಲವೂ ಎರಡಾದವು. ನಡುಮನೆಗೆ ಒಂದು ಗೋಡೆ ಎದ್ದಿತು. ಅದು ಸೂರಿನ ತನಕ ಹೋಗಲಿಲ್ಲ. ಇಟ್ಟಿಗೆ ಮುಗಿಯಿತೋ ಉತ್ಸಾಹ ಮುಗಿಯಿತೋ ಗೊತ್ತಿಲ್ಲ. ಹೊಗೆಸೊಪ್ಪು ಬೇಯಿಸುವ ಗೂಡು, ಅಂದರೆ ಬ್ಯಾರನ್ನು, ಮಾತ್ರ ಒಟ್ಟಿಗೇ ಉಳಿಯಿತು. ಅಣ್ಣತಮ್ಮಂದಿರು ಈಗಲೂ ಒಂದೇ ಬೈಕಿನಲ್ಲಿ ಹುಣಸೂರಿಗೆ ಹೋಗುತ್ತಾರೆ. ಮಾತು ಬಿಟ್ಟವರು ಅವರ ಹೆಂಡತಿಯರು, ಅಂದರೆ ನನ್ನ ಅತ್ತೆ ಮತ್ತು ಚಿಕ್ಕತ್ತೆ. ಕಾರಣ ಒರಳುಕಲ್ಲು ಎಂದು ಒಬ್ಬರು, ಒಂದು ಮೊರ ಅವರೆಕಾಯಿ ಎಂದು ಇನ್ನೊಬ್ಬರು ನನಗೆ ಹೇಳಿದ್ದಾರೆ. ಎರಡನ್ನೂ ನಾನು ಪೂರ್ತಿ ನಂಬಿಲ್ಲ.

ಭಾಗವಾದ ಮನೆಗಳಲ್ಲಿ ಒಂದು ಕಡೆಗೆ ಬಂದದ್ದು ಇನ್ನೊಂದು ಕಡೆಗೂ ಬರಬೇಕು, ಅದೂ ಅಚ್ಚು ಅದೇ ಬಣ್ಣದ್ದು. ಕುಕ್ಕರ್ ಬಂದದ್ದು ಹಾಗೆ, ಪ್ಲಾಸ್ಟಿಕ್ ಕುರ್ಚಿ ಬಂದದ್ದು ಹಾಗೆ. ಟಿ.ವಿ.ಯೂ ಹಾಗೇ ಬಂತು, ಒಂದೇ ಕಂಪನಿಯವು ಮೂರು: ಎರಡು ಮನೆಗೆ ಎರಡು, ಭಾಗವಾಗದ ಬ್ಯಾರನ್ನಿನ ಕೊಟ್ಟಿಗೆಗೆ ಒಂದು. ಜೊತೆಗೆ ಮೂರು ರಿಮೋಟು. ಒಂದು ದನದ ಕಲಗಚ್ಚಿನ ಬಕೆಟ್ಟಿಗೆ ಬಿದ್ದು ತೀರಿಕೊಂಡಿತು. ಇನ್ನೊಂದನ್ನು ಮಾವ ಹಸಿ ಸೊಪ್ಪಿನ ರಾಶಿಯ ಮೇಲಿಟ್ಟು ಮರೆತರು. ಯಾರೋ ಅದನ್ನು ಎಲೆಗಳ ಜೊತೆಗೆ ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿದರು. ಬೆಂಕಿ ಆರಿಸಿ ಸೊಪ್ಪು ಇಳಿಸಿದಾಗ ಅದೂ ಇಳಿಯಿತು, ಸ್ವಲ್ಪ ಬಾಗಿ, ಒಳ್ಳೆಯ ಕಂದು ಬಣ್ಣಕ್ಕೆ ತಿರುಗಿ. ಚಿಕ್ಕಮಾವ ತಿರುಗಿಸಿ ನೋಡಿ, "ಅಣ್ಣೋ, ಎಲೆಗಿಂತ ಇದೇ ಚೆಂದಾಗಿ ಬೆಂದದೆ ಕಣ, ಸೊಪ್ಪಿನ್ ಅರಾಜಿಗೆ ಇದ್ನೇ ತಕ್ಕೊಂಡೋಗನ" ಅಂದರು.

ಉಳಿದ ಒಂದು ರಿಮೋಟು ಯಾವ ಮನೆಯದೆಂದು ತಿಳಿಯುವ ಹಾಗಿರಲಿಲ್ಲ. ಹೇಗೋ ಅದು ಅತ್ತೆಯ ಮಡಿಲಿಗೆ ಸೇರಿತು. ಅವರು ಒತ್ತಿದರೆ ನಮ್ಮ ಟಿ.ವಿ. ಬದಲಾಗುತ್ತಿತ್ತು, ಗೋಡೆಯಾಚೆಯದೂ ಬದಲಾಗುತ್ತಿತ್ತು. ಕಿರಣವು ಹೆಂಚಿನ ಕೆಳಗೆ ಹೊಡೆಸಿದ ಬಿಳಿ ಶೀಟಿಗೆ ತಾಗಿ ಎರಡೂ ಕಡೆ ಇಳಿಯುತ್ತದೆ ಎಂಬುದು ನನ್ನ ಊಹೆ. ನಾನು ಓದಿದ್ದು ವಿಜ್ಞಾನವಲ್ಲ.

ಸಂಜೆಯಾದರೆ ಅತ್ತೆಗೆ ಧಾರಾವಾಹಿ ಬೇಕು, ಚಿಕ್ಕತ್ತೆಗೆ ಭಜನೆ. ಮಾತು ಬಿಟ್ಟಿದ್ದರಿಂದ ಇಬ್ಬರೂ ನನ್ನೊಡನೆ ಮಾತಾಡುತ್ತಿದ್ದರು, ಊರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

"ಏನವ್ವಾ, ಆ ಮನೇರ್ಗೆ ದೇವ್ರು ಸಾಕಾಯ್ತಂತಾ? ಧಾರಾವಾಹಿ ಆಕ್ಲಾ ಕೇಳು."

ಆಚೆಯಿಂದ ಚಿಕ್ಕತ್ತೆ: "ನಿಮ್ಮತ್ತೆಗೇಳವ್ವಾ, ಆ ಅಳ್ಮುಂಜಿ ಎಂಗಸ್ರ ನೋಡಿ ನೋಡಿ ನಮ್ಮೆಮ್ಮೆ ಆಲು ಕಮ್ಮಿ ಮಾಡದೆ!"

"ಎಮ್ಮೆ ಆಲು ಕಮ್ಮಿ ಮಾಡಿರೋದು ಅವ್ಳ ಭಜ್ನೆಗೆ ಅಂತೇಳವ್ವಾ!"

ನಾನು ಏನನ್ನೂ ಹೇಳಬೇಕಾಗುತ್ತಿರಲಿಲ್ಲ. ಮಧ್ಯದಲ್ಲಿ ಸುಮ್ಮನೆ ಕೂತಿದ್ದರೆ ಸಾಕು. ಒಂದು ಸಂಜೆ ಆಚೆಯಿಂದ ಬರೀ ಕೆಮ್ಮು ಬಂತು. ಅತ್ತೆ ಧಾರಾವಾಹಿಯ ಸೌಂಡನ್ನು ಪೂರ್ತಿ ಇಳಿಸಿ, "ಮೆಣಸಿನ ಕಷಾಯ ಕುಡಿದವ್ಳಾ ಕೇಳು" ಅಂದರು. ಧಾರಾವಾಹಿಯವರೆಲ್ಲ ಅವತ್ತು ಸದ್ದಿಲ್ಲದೆ ಅತ್ತರು.

ಬ್ಯಾರನ್ನಿಗೆ ಬೆಂಕಿ ಹಾಕಿದ ದಿನಗಳಲ್ಲಿ ಮಾವ ರಿಮೋಟನ್ನು ಕೊಟ್ಟಿಗೆಗೆ ಒಯ್ಯುತ್ತಿದ್ದರು. ಆಗ ಎರಡೂ ಮನೆ ಅವರು ಬಿಟ್ಟುಹೋದ ಕಬಡ್ಡಿಯನ್ನೇ ನೋಡಬೇಕು. ಅಂಥ ಒಂದು ವಾರ ಅತ್ತೆ ಈಚೆಯಿಂದ ಮಾವನನ್ನು ಬೈದರು, ಚಿಕ್ಕತ್ತೆ ಆಚೆಯಿಂದ ಬೈದರು. ಅವರು ಒಮ್ಮತಕ್ಕೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಮಾವ ರೇಗಿ, "ಗೋಡೆ ಸೂರ್ಗಂಟ ಎತ್ತಿಸಿಬುಡ್ತೀನಿ, ಇವುರ್ದೂ ಬ್ಯಾಡ ಅವುರ್ದೂ ಬ್ಯಾಡ" ಎಂದು ಗಾರೆಯವನಿಗೆ ಹೇಳಿಕಳಿಸಿದರು.

ಅತ್ತೆ ಅವತ್ತು ಸರಿಯಾಗಿ ಉಣ್ಣಲಿಲ್ಲ. ಗೋಡೆ ಮೇಲಕ್ಕೆ ಹೋದರೆ ಅವರಿಗೆ ಆ ಕೆಮ್ಮೂ ಕೇಳುವುದಿಲ್ಲ, ಬೈಗುಳವೂ ಕೇಳುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ವಿದ್ಯಾವಂತರಿಗೆ ಹೊಳೆಯುವಂಥದ್ದು: ರಿಮೋಟು ಎರಡಾದರೆ ಜಗಳವೇ ಇರದು, ಗೋಡೆಯನ್ನು ಎತ್ತುವ ಗೊಡವೆಯೂ ಇರದು. ಹುಣಸೂರಿಗೆ ಹೋಗಿ ಅಂಥದ್ದೇ ಹೊಸದೊಂದನ್ನು ತಂದು ಚಿಕ್ಕತ್ತೆಗೆ ಕೊಟ್ಟೆ. "ತಾಯಿ ನೀನು" ಅಂದರು. ಮುಖ ಮಾತ್ರ ಸಪ್ಪಗಿತ್ತು.

ಆ ಸಂಜೆ ಯಾರೂ ನನ್ನನ್ನು ಕರೆಯಲಿಲ್ಲ. ಅತ್ತೆ ಒತ್ತಿದರು, ಧಾರಾವಾಹಿ ಬಂತು. ಚಿಕ್ಕತ್ತೆ ಆಚೆ ಒತ್ತಿದರು, ನಮ್ಮಲ್ಲೂ ಭಜನೆ ಬಂತು. ಧಾರಾವಾಹಿಯ ಸೊಸೆ ಬಾಯಿ ತೆರೆಯುವಷ್ಟರಲ್ಲಿ ಭಜನೆಯ ತಾಳ, ತಾಳ ಎತ್ತುವಷ್ಟರಲ್ಲಿ ಸೊಸೆ. ಒಂದು ಬೈಗುಳವಿಲ್ಲ, ಎಮ್ಮೆಯ ಸುದ್ದಿಯಿಲ್ಲ. ಇಬ್ಬರು ಹೆಂಗಸರು ಬಾಯಿ ಮುಚ್ಚಿಕೊಂಡು ಒತ್ತುತ್ತಲೇ ಇದ್ದರು.

ಮಾವ ಹೇಳಿದ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ, ಗಾರೆಯವನು ಬಂದ. ಗೋಡೆ ಸೂರು ಮುಟ್ಟಿತು. ಅಂಚಿಗೆ ಗಾರೆ ಮೆತ್ತುವಾಗ ಅತ್ತೆ ಅವನಿಗೆ, "ಮಧ್ಯದಲ್ಲೊಂದು ಕಿಂಡಿ ಒಡೀಪ್ಪಾ, ಗಾಳಿ ಆಡಾಕೆ" ಅಂದರು.

"ಎಷ್ಟು ಎತ್ತರಕ್ಕವ್ವಾ?"

"ಕೂತೋರ ಮುಖದ್ ಮಟ್ಟಕ್ಕೆ. ಒಂದ್ ಗೇಣಗಲ."

"ಒಂದ್ ಗೇಣು ಎಲ್ ಸಾಲ್ತದಕ್ಕ, ಬಳೆ ಕೈ ತೂರಬ್ಯಾಡ್ವಾ?" ಎಂದು ಆಚೆಯಿಂದ ದನಿ ಬಂತು.

"ನಿನ್ ಬಳೆ ಕಂಡಿಲ್ವಾ ನಾನು, ಸಾಲ್ತದೆ ಸುಮ್ಕಿರು" ಎಂದರು ಅತ್ತೆ. ನಾನು ಮಧ್ಯದಲ್ಲೇ ಇದ್ದೆ, ನನ್ನ ಕಡೆಗೆ ಯಾರೂ ನೋಡಲಿಲ್ಲ.

ಈಗ ಹಳೆಯ ರಿಮೋಟು ಆ ಕಿಂಡಿಯಲ್ಲೇ ಇರುತ್ತದೆ. ಇಬ್ಬರೂ ಅದರ ಎರಡು ಪಕ್ಕಕ್ಕೆ ಕೂತು ನೇರವಾಗಿಯೇ ಬೈದಾಡುತ್ತಾರೆ. ನನಗೆ ಕೆಲಸವಿಲ್ಲ. ಮೊನ್ನೆ ತಡೆಯಲಾರದೆ, "ಅತ್ತೆ, ನಾನು ತಂದ ಹೊಸ ರಿಮೋಟು ಎರಡೂ ಮನೆಯಲ್ಲಿ ಕಾಣ್ತಿಲ್ವಲ್ಲ, ಎಲ್ಲಿ ಹೋಯ್ತು?" ಎಂದು ಕೇಳಿದೆ. ಆಚೆಯಿಂದ ಚಿಕ್ಕತ್ತೆ ಕಿಸಕ್ಕನೆ ನಕ್ಕ ಸದ್ದು ಬಂತು. ಅತ್ತೆ ಕಿಂಡಿಯಿಂದ ರಿಮೋಟು ಎತ್ತಿಕೊಂಡು ನಮ್ಮ ಟಿ.ವಿ.ಯ ಸೌಂಡು ಜಾಸ್ತಿ ಮಾಡಿದರು. ಆಮೇಲೆ ಕಿಂಡಿಯೊಳಗೆ ಕೈ ತೂರಿಸಿ ಆ ಕಡೆಯದನ್ನೂ ಜಾಸ್ತಿ ಮಾಡಿದರು.